ಬ್ಲಾಗಿಗೊಂದು ಬಾಡಿಗೆ ಮನೆ

ಮುಂಬಯಿಗೆ ಬಂದಿಳಿದ ನಮ್ಮ ಕಡೆಯವರು ಮೊದಲು ಹುಡುಕಿದ್ದು ಕೆಲಸ, ಆಮೇಲೆ ಖೋಲಿ. ಖೋಲಿ ಸಿಕ್ಕಿ, ಊರಿಗೆ ಮನಿಯಾರ್ಡರ್ ಹೋಗಲು ಶುರುವಾಗಿ, ಲೋಕಲ್ ಟ್ರೇನಿನಲ್ಲಿ ನಿಲ್ಲುವ ಜಾಗ ಕಾಯಂ ಆದ ಮೇಲೆ ಕೆಲವರಿಗೆ ಇನ್ನೊಂದು ಹುಚ್ಚು ಹತ್ತುತ್ತಿತ್ತು, ಬರೆಯುವ ಹುಚ್ಚು. ಬರೆದದ್ದನ್ನು ಹಾಕುವುದೆಲ್ಲಿ? ಸಂಘದ ಸ್ಮರಣ ಸಂಚಿಕೆ ಬರುವುದು ವರ್ಷಕ್ಕೊಂದು. 'ಮೊಗವೀರ'ದಂಥ ಮಾಸಿಕಗಳಿದ್ದವು, 'ಕರ್ನಾಟಕ ಮಲ್ಲ' ಇತ್ತು, 'ಉದಯವಾಣಿ'ಯ ಮುಂಬಯಿ ಆವೃತ್ತಿ ಇತ್ತು. ಅಲ್ಲೆಲ್ಲ ಸಂಪಾದಕರ ಮೇಜು ದಾಟಬೇಕು. ದಾಟದ ಹಾಳೆಗಳು ಡೊಂಬಿವಲಿಯ ಎಷ್ಟೋ ಮನೆಗಳ ಮಾಳಿಗೆಯ ಟ್ರಂಕಿನಲ್ಲಿ ಇವತ್ತಿಗೂ ಇರಬಹುದು.

ಅಂತರ್ಜಾಲ ಬಂದಾಗ ಆ ಮೇಜು ತಪ್ಪಿತು. ಆದರೆ ಖೋಲಿ ಹುಡುಕುವ ಕೆಲಸ ತಪ್ಪಲಿಲ್ಲ! ನಿವೃತ್ತರಾದ ಮೇಲೆ ಬರೆಯಲು ಕೂತ ನನ್ನ ವಯಸ್ಸಿನವರು ಸಂಘದ ಕಾರ್ಯಕ್ರಮಗಳಲ್ಲಿ ಸಿಕ್ಕಿದಾಗ ಈಗಲೂ ಕೇಳುವುದು ಒಂದೇ ಪ್ರಶ್ನೆ. "ಬ್ಲಾಗ್ ಮಾಡ್ಬೇಕು ಅಂತಿದ್ದೇನೆ ಮಾರಾಯ್ರೆ, ಯಾವುದು ಒಳ್ಳೇದು? ಬ್ಲಾಗ್‌ಸ್ಪಾಟಾ, ವರ್ಡ್‌ಪ್ರೆಸ್ಸಾ?" ಮನೆಯ ಮಕ್ಕಳನ್ನು ಕೇಳಿದರೆ ಯಾವುದರಲ್ಲಿ ಬಣ್ಣ ಚಂದ, ಯಾವುದರಲ್ಲಿ ಚಿತ್ರ ಹಾಕುವುದು ಸುಲಭ ಎಂದು ಹೇಳುತ್ತಾರೆ. ಬಾಡಿಗೆ ಮನೆ ನೋಡಲು ಹೋದವರು ಗೋಡೆಯ ಬಣ್ಣ ನೋಡಿ ಬಂದ ಹಾಗಾಯಿತು ಅದು. ನೀರು ಎಷ್ಟು ಗಂಟೆಗೆ ಬರುತ್ತದೆ, ಮಾಲಕ ಖಾಲಿ ಮಾಡು ಎಂದರೆ ಸಾಮಾನು ಹೊರಗೆ ತರಲು ಎಷ್ಟು ದಿನ ಕೊಡುತ್ತಾನೆ ಎಂದು ಕೇಳಬೇಡವೇ? ಹನ್ನೊಂದು ತಿಂಗಳ ಅಗ್ರಿಮೆಂಟ್ ಮೇಲೆ ಹನ್ನೊಂದು ತಿಂಗಳ ಅಗ್ರಿಮೆಂಟ್ ಮಾಡುತ್ತಾ ಥಾಣೆಯಿಂದ ಕಲ್ಯಾಣದವರೆಗೆ ಮನೆ ಬದಲಾಯಿಸಿದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಬ್ಲಾಗಿನ ವಿಷಯಕ್ಕೆ ಬಂದಾಗ ಮರೆತುಬಿಡುತ್ತೇವೆ. ಅದಕ್ಕಾಗಿ ಸ್ವಲ್ಪ ಹಳೆಯ ಕಥೆ ಹೇಳುತ್ತೇನೆ. ಚಹಾ ಮಾಡಿಕೊಂಡು ಬನ್ನಿ.

ಬ್ಲಾಗ್ ಎಂಬ ಹೆಸರೇ ಹುಟ್ಟದಿದ್ದ 1994ರಲ್ಲಿ ಅಮೆರಿಕದಲ್ಲಿ ಒಂದು ಕಂಪನಿ ಶುರುವಾಯಿತು. ಅದಕ್ಕೇ ಮುಂದೆ ಜಿಯೋಸಿಟೀಸ್ ಎಂದು ಹೆಸರಾಯಿತು. ಯಾರು ಬೇಕಾದರೂ ಪುಕ್ಕಟೆಯಾಗಿ ಪುಟ ಮಾಡಿಕೊಳ್ಳಬಹುದು. ಅದರಲ್ಲಿ ನನಗೆ ಬಹಳ ಇಷ್ಟವಾದದ್ದು ವಿಳಾಸ ಕೊಡುವ ರೀತಿ. ಊರಿಗೆ ಕೇರಿಗಳಿದ್ದ ಹಾಗೆ ಅದಕ್ಕೂ ಕೇರಿಗಳು. ಸಿನಿಮಾದವರಿಗೆ ಹಾಲಿವುಡ್ ಕೇರಿ, ಕಂಪ್ಯೂಟರಿನವರಿಗೆ ಸಿಲಿಕಾನ್ ವ್ಯಾಲಿ ಕೇರಿ, ಹಾರುವ ತಟ್ಟೆಗಳ ಹುಚ್ಚಿನವರಿಗೆ ಇನ್ನೊಂದು. ಕೇರಿ ಆರಿಸಿ, ಖಾಲಿ ಇರುವ ಮನೆ ನಂಬರ್ ಹಿಡಿದು ಒಳಗೆ ಹೋಗಿ ಕೂರುವುದು. ಥೇಟ್ ನಮ್ಮ ಚಾಳು! 1999ರಲ್ಲಿ ಯಾಹೂ ಇದನ್ನು ಕೊಂಡಿತು. 2009ರ ಅಕ್ಟೋಬರ್‌ನಲ್ಲಿ ಇಡೀ ಊರನ್ನೇ ಕೆಡವಿತು. ಲಕ್ಷಗಟ್ಟಲೆ ಪುಟಗಳು ಹೋದವು. ಮುಚ್ಚುವ ಸುದ್ದಿ ಮೊದಲೇ ಹೇಳಿದ್ದರು ನಿಜ. ಆದರೆ ಹತ್ತು ವರ್ಷ ಹಿಂದೆ ಪುಟ ಮಾಡಿ, ಆಗಿನ ಇಮೇಲ್ ವಿಳಾಸವನ್ನೇ ಬಿಟ್ಟುಬಿಟ್ಟವರಿಗೆ ಆ ಸುದ್ದಿ ತಲುಪುವುದು ಹೇಗೆ?

ನಮ್ಮಲ್ಲಿ ವಿಎಸ್ಎನ್ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಮೊದಲು ಸಿಕ್ಕಿದ ಊರುಗಳಲ್ಲಿ ಮುಂಬಯಿ ಒಂದು. ಅಲ್ಲಿಂದ ಒಂದೂಕಾಲು ವರ್ಷಕ್ಕೆ, 1996ರ ಡಿಸೆಂಬರ್‌ನಲ್ಲಿ, ಕನ್ನಡದ ಮೊದಲ ಅಂತರ್ಜಾಲ ಪತ್ರಿಕೆ 'ವಿಶ್ವಕನ್ನಡ' ಬಂತು. ಅದನ್ನು ಮಾಡಿದ ಡಾ. ಯು. ಬಿ. ಪವನಜ ಅವರು ಟ್ರಾಂಬೆಯ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದಲ್ಲಿ ವರ್ಷಗಟ್ಟಲೆ ವಿಜ್ಞಾನಿಯಾಗಿದ್ದವರು. ಖಾಡಿಯ ಈಚೆ ದಡಕ್ಕೆ ವಾಶಿ. ಕನ್ನಡದ ಕೀಲಿಮಣೆ ವಿನ್ಯಾಸ ಕೊಟ್ಟ ಕೆ. ಪಿ. ರಾವ್, ಅಂದರೆ ಕಿನ್ನಿಕಂಬಳ ಪದ್ಮನಾಭ ರಾಯರು, ಅವರೂ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರೇ. ಅವರ 'ಸೇಡಿಯಾಪು' ತಂತ್ರಾಂಶದ ಕೀಲಿಮಣೆಯೇ ಮುಂದೆ ಕನ್ನಡ ಗಣಕ ಪರಿಷತ್ತಿನ 'ನುಡಿ'ಗೆ ಆಧಾರವಾಯಿತು. ಬೆಂಗಳೂರಿನವರ ಎದುರು ಇದನ್ನು ಹೇಳುವಾಗ ನಾನು ದನಿ ಸ್ವಲ್ಪ ಏರಿಸುತ್ತೇನೆ, ಬಿಡಿ.

ಈ ಕೀಲಿಮಣೆಯ ಕಥೆ ಇಲ್ಲಿ ಯಾಕೆ ಅಂದರೆ, ಕನ್ನಡದವನಿಗೆ ಬ್ಲಾಗಿನ ಮನೆ ಆರಿಸುವ ಮೊದಲು ಅಕ್ಷರ ಆರಿಸಬೇಕಾಗಿತ್ತು. ಇಂಗ್ಲಿಷಿನವರಿಗೆ ಈ ತಾಪತ್ರಯ ಇರಲಿಲ್ಲ.

1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಪುಕ್ಕಟೆ, ಹಗುರ, ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುತ್ತದೆ. ಪರದೇಶದಲ್ಲಿದ್ದವರಿಗೂ ನಮ್ಮಂಥ ಹೊರನಾಡಿನವರಿಗೂ ಅದು ಎಷ್ಟು ದೊಡ್ಡ ಉಪಕಾರ ಎಂಬುದನ್ನು ಈಗ ಮೊಬೈಲಿಗೆ ಮಾತಾಡಿ ಕನ್ನಡ ಬರೆಸುವವರಿಗೆ ತಿಳಿಸುವುದು ಕಷ್ಟ. ಆಮೇಲೆ 'ನುಡಿ' ಬಂತು. ಆದರೆ ಆ ಮೊದಮೊದಲ ದಿನಗಳಲ್ಲಿ ಇವೆಲ್ಲ ಒಂದು ಥರದ ಕಣ್ಕಟ್ಟು. ಕಂಪ್ಯೂಟರಿನ ಒಳಗೆ ಇರುವುದು ರೋಮನ್ ಅಕ್ಷರವೇ. ಅದರ ಮೇಲೆ ಕನ್ನಡದ ವೇಷ ಹಾಕಿದ ಫಾಂಟು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ವೇಷ ಕಳಚಿ, ತಲೆಯ ಮೇಲೆ ಗೀಟು ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಜಾತ್ರೆ. ಹುಡುಕುಯಂತ್ರಕ್ಕೂ ಅದು ಕನ್ನಡ ಎಂದು ಗೊತ್ತಾಗುವುದಿಲ್ಲ. ಹೀಗಾಗಿ ಆ ಕಾಲದ ಕನ್ನಡ ಪುಟಗಳ ನೆತ್ತಿಯ ಮೇಲೆ ಒಂದು ಸಾಲು ಇದ್ದೇ ಇರುತ್ತಿತ್ತು, 'ಈ ಪುಟ ಓದಲು ಮೊದಲು ಈ ಫಾಂಟ್ ಇಳಿಸಿಕೊಳ್ಳಿ' ಅಂತ. ಫಾಂಟು ತಾನಾಗಿ ಇಳಿಯುವ ಇನ್ನೊಂದು ಉಪಾಯವೂ ಬಂತು. ಅದು ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಿಟ್ಟು ಬೇರೆಡೆ ನಡೆಯುತ್ತಿರಲಿಲ್ಲ.

ಯೂನಿಕೋಡ್ ಎಂಬ ಸರಿಯಾದ ದಾರಿ ಆಗಲೇ ಇತ್ತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅದರಲ್ಲಿ ಜಾಗ ಕೊಟ್ಟಿದ್ದರು. ಜಾಗ ಇತ್ತು, ಮನೆ ಕಟ್ಟುವವರು ಇರಲಿಲ್ಲ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ 'ತುಂಗಾ' ಫಾಂಟಿನೊಂದಿಗೆ ಬಂದಾಗ ನಮ್ಮಂಥವರ ಕಣ್ಣಿಗೆ ಯೂನಿಕೋಡ್ ಕನ್ನಡ ಬಿತ್ತು. ಬಿದ್ದರೂ ಸುಲಭವಾಗಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಪ್ರಾದೇಶಿಕ ಭಾಷೆಗಳ ಜಾಗದಲ್ಲಿ ಒಂದು ಚೌಕಕ್ಕೆ ಟಿಕ್ ಹಾಕಬೇಕು. ಹಾಕಿದ ಕೂಡಲೇ ಅದು ಎಕ್ಸ್‌ಪಿಯ ಸಿಡಿ ಕೇಳುತ್ತದೆ. ಡೊಂಬಿವಲಿ ಸ್ಟೇಷನ್ ಹತ್ತಿರದ ಸೈಬರ್ ಕೆಫೆಯಲ್ಲಿ ಹೋಗಿ ಸಿಡಿ ಕೊಡಿ ಎಂದು ಕೇಳಿ ನೋಡಿ! ಕೌಂಟರಿನ ಹುಡುಗ ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಕಾಕಾ, ಮೇಲ್ ಚೆಕ್ ಕರಾ ಆಣಿ ಜಾ" ಅನ್ನುತ್ತಿದ್ದ. ಟಿಕ್ ಇಲ್ಲದ ಕಂಪ್ಯೂಟರಿನಲ್ಲಿ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ, ಅರ್ಕಾವತ್ತು ಎಲ್ಲೋ, ದೀರ್ಘ ಎಲ್ಲೋ. ಫಾಂಟೇ ಇಲ್ಲದಿದ್ದರೆ ಬರೀ ಚೌಕಗಳು. ಆಗಿನ ಕಾಲದಲ್ಲಿ ಬ್ಲಾಗ್ ಶುರು ಮಾಡಿದ ಕನ್ನಡಿಗರಲ್ಲಿ ಕೆಲವರು ಇಂಗ್ಲಿಷ್ ಲಿಪಿಯಲ್ಲೇ ಕನ್ನಡ ಬರೆದರು, ಕೆಲವರು ಕನ್ನಡವನ್ನು ಚಿತ್ರವಾಗಿ ಮಾಡಿ ಅಂಟಿಸಿದರು. ಯೂನಿಕೋಡ್ ಹಿಡಿದವರು ಓದುಗರಿಲ್ಲದೆ ಒಂದೆರಡು ವರ್ಷ ಒಬ್ಬರೇ ಕೂತರು. ಆದರೆ ಈಗ ಹುಡುಕಿದರೆ ಸಿಗುವುದು ಅವರದೇ ಬರಹ.

ನಮ್ಮ ಕಡೆಯ ಲೈನಿನ ಕಥೆಯೂ ಒಂದಿದೆ. ಥಾಣೆ, ನವಿ ಮುಂಬಯಿಯವರಿಗೆ ಎಂಟಿಎನ್ಎಲ್, ಕೋಡ್ 022. ಡೊಂಬಿವಲಿ, ಕಲ್ಯಾಣದವರಿಗೆ ಬಿಎಸ್ಎನ್ಎಲ್, ಕೋಡ್ 0251. ಒಂದೇ ಡಬ್ಬಿಯಲ್ಲಿ ಒಂದು ತಾಸು ನೇತಾಡಿ ಬಂದವರು ಮನೆ ಸೇರಿದ ಮೇಲೆ ಫೋನಿನ ಲೆಕ್ಕದಲ್ಲಿ ಪರವೂರಿನವರು. 2005ರಲ್ಲಿ ಅವರಿಗೆ ಟ್ರೈಬ್ಯಾಂಡ್, ನಮಗೆ ಡೇಟಾಒನ್ ಎಂದು ಬ್ರಾಡ್‌ಬ್ಯಾಂಡ್ ಬಂತು. ನಡುರಾತ್ರಿ ಕಳೆದ ಮೇಲೆ ಬಳಸಿದರೆ ಲೆಕ್ಕಕ್ಕಿಲ್ಲ ಎಂಬ ಒಂದು ಯೋಜನೆ ಇತ್ತು. ಅಲಾರಂ ಇಟ್ಟು ಎದ್ದು ಬರೆದವರಿದ್ದಾರೆ. ಅದರ ಮೇಲೆ ಲೋಡ್‌ಶೆಡ್ಡಿಂಗ್. ಬರೆಯುತ್ತಾ ಬರೆಯುತ್ತಾ ಫ್ಯಾನ್ ನಿಂತಿತು ಅಂದರೆ ಒಂದು ಲೇಖನ ಹೋಯಿತು ಅಂತಲೇ ಲೆಕ್ಕ. ಹಾಗಾಗಿ ನಮ್ಮ ಕಡೆಯ ಬ್ಲಾಗಿಗರು ಮೊದಲು ಬರಹದಲ್ಲೋ ನೋಟ್‌ಪ್ಯಾಡಿನಲ್ಲೋ ಬರೆದು ಉಳಿಸಿ, ಆಮೇಲೆ ತಂದು ಅಂಟಿಸುವ ಪದ್ಧತಿ ಮಾಡಿಕೊಂಡರು. ಕರೆಂಟ್ ಕಲಿಸಿದ ಈ ಪಾಠ ಎಷ್ಟು ಬೆಲೆಯದು ಎಂದು ಮುಂದೆ ಗೊತ್ತಾಯಿತು.

ಈಗ ಮನೆಗಳ ವಿಷಯಕ್ಕೆ ಬರೋಣ.

ಬ್ಲಾಗರ್ ಹುಟ್ಟಿದ್ದು 1999ರ ಆಗಸ್ಟ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಪೈರಾ ಲ್ಯಾಬ್ಸ್ ಎಂಬ ಪುಟ್ಟ ಕಂಪನಿಯಲ್ಲಿ. ಅದೇ ವರ್ಷ ಲೈವ್‌ಜರ್ನಲ್ ಬಂತು. 2003ರ ಫೆಬ್ರವರಿಯಲ್ಲಿ ಬ್ಲಾಗರನ್ನು ಗೂಗಲ್ ಕೊಂಡಿತು. ಅದೇ 2003ರ ಮೇ 27ರಂದು ವರ್ಡ್‌ಪ್ರೆಸ್‌ನ ಮೊದಲ ಆವೃತ್ತಿ ಹೊರಬಂತು. ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ಎಂಬಿಬ್ಬರು ಬೇರೆಯೊಬ್ಬರು ಅರ್ಧಕ್ಕೆ ಬಿಟ್ಟ ತಂತ್ರಾಂಶವನ್ನು ಎತ್ತಿಕೊಂಡು ಮುಂದುವರಿಸಿದ್ದು ಅದು. ಆ ಹೊತ್ತಿಗೆ ದೊಡ್ಡ ಹೆಸರು ಮೂವಬಲ್ ಟೈಪ್‌ನದು. 2004ರ ಮೇ ತಿಂಗಳಲ್ಲಿ ಅವರು ಬಾಡಿಗೆಯ ಕರಾರು ಬದಲಾಯಿಸಿದರು. ಬಳಸುತ್ತಿದ್ದವರು ಸಿಟ್ಟಾಗಿ ಗುಂಪುಗುಂಪಾಗಿ ವರ್ಡ್‌ಪ್ರೆಸ್‌ಗೆ ಬಂದರು. ವರ್ಡ್‌ಪ್ರೆಸ್ ಬೆಳೆದದ್ದರಲ್ಲಿ ಅದರ ಗುಣದ ಜತೆಗೆ ಪಕ್ಕದ ಮನೆ ಮಾಲಕನ ಕೃಪೆಯೂ ಇದೆ ಅನ್ನಿ.

ವರ್ಡ್‌ಪ್ರೆಸ್ ಎಂದರೆ ಎರಡು ಎಂಬುದು ಹೊಸಬರಿಗೆ ಈಗಲೂ ಗೊಂದಲ. ಒಂದು ತಂತ್ರಾಂಶ. ಅದನ್ನು ನಾವೇ ಇಳಿಸಿಕೊಂಡು, ಜಾಗ ಬಾಡಿಗೆಗೆ ಹಿಡಿದು, ಸ್ವಂತ ವಿಳಾಸ ಕೊಂಡು ನಡೆಸಬೇಕು. ಇನ್ನೊಂದು 2005ರಲ್ಲಿ ತೆರೆದ ವರ್ಡ್‌ಪ್ರೆಸ್ ಡಾಟ್ ಕಾಮ್. ಅಲ್ಲಿ ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಾರೆ, ಹೆಸರು ಬರೆಸಿಕೊಂಡರೆ ಸಾಕು. ಮೊದಲನೆಯದು ಸ್ವಂತ ಫ್ಲ್ಯಾಟು, ಎರಡನೆಯದು ನಿಯಮಗಳಿರುವ ಸೊಸೈಟಿಯಲ್ಲಿ ಬಾಡಿಗೆಗೆ ಇದ್ದಂತೆ. ಸೊಸೈಟಿಯಲ್ಲಿ ಮೊಳೆ ಹೊಡೆಯಲು ಬಿಡುವುದಿಲ್ಲವಲ್ಲ, ಹಾಗೆ ಪುಕ್ಕಟೆ ಖಾತೆಯಲ್ಲಿ ವಿನ್ಯಾಸದ ಒಳಗೆ ಕೈ ಹಾಕಲು ಬಿಡುವುದಿಲ್ಲ. ಇಂಗ್ಲಿಷಿಗೆ ಹೊಲಿದ ಸಣ್ಣ ಅಕ್ಷರದ ವಿನ್ಯಾಸದಲ್ಲಿ ನಮ್ಮ 'ಸ್ತ್ರೀ', 'ರಾಷ್ಟ್ರ'ಗಳು ಉಸಿರುಕಟ್ಟಿ ಕೂರುತ್ತಿದ್ದವು. ಬ್ಲಾಗ್‌ಸ್ಪಾಟಿನಲ್ಲಿ ಟೆಂಪ್ಲೇಟ್ ತೆರೆದು ಅಕ್ಷರದ ಅಳತೆಯ ಅಂಕಿ ತಿದ್ದಿದರೆ ಮುಗಿಯಿತು. ಕನ್ನಡಿಗರಲ್ಲಿ ಬಹಳ ಮಂದಿ ಬ್ಲಾಗ್‌ಸ್ಪಾಟ್ ಹಿಡಿದದ್ದಕ್ಕೆ ಇಂಥ ಸಣ್ಣ ಕಾರಣಗಳೂ ಉಂಟು. 2007ರಲ್ಲಿ ಬ್ಲಾಗರ್ ತನ್ನ ಬರೆಯುವ ಜಾಗದಲ್ಲೇ ಇಂಗ್ಲಿಷ್ ಅಕ್ಷರದಿಂದ ಕನ್ನಡ ಮಾಡುವ ಸೌಲಭ್ಯ ಕೊಟ್ಟಿತು. ಆಗ ಬರಹ ಇಲ್ಲದ ಆಫೀಸಿನ ಕಂಪ್ಯೂಟರಿನಿಂದಲೂ ಊಟದ ಹೊತ್ತಿನಲ್ಲಿ ನಾಲ್ಕು ಸಾಲು ಬರೆಯುವಂತಾಯಿತು.

ಬ್ಲಾಗ್‌ಸ್ಪಾಟಿನ ಒಂದು ತಮಾಷೆ ಹೇಳದಿದ್ದರೆ ಆಗುವುದಿಲ್ಲ. ಲೇಖನದ ಶೀರ್ಷಿಕೆಯಿಂದ ಅದು ತಾನೇ ವಿಳಾಸ ಮಾಡುತ್ತದೆ. ಆದರೆ ಕನ್ನಡ ಶೀರ್ಷಿಕೆ ಅದಕ್ಕೆ ಕಾಣುವುದೇ ಇಲ್ಲ. ಹಾಗಾಗಿ ನೀವು ಎಂಥ ಚಂದದ ಹೆಸರಿಟ್ಟರೂ ವಿಳಾಸ ಮಾತ್ರ ಬರೀ 'ಬ್ಲಾಗ್-ಪೋಸ್ಟ್', ಅದರ ಮುಂದೊಂದು ನಂಬರ್. ಕನ್ನಡದ ಸಾವಿರಾರು ಲೇಖನಗಳಿಗೆ ಇದೇ ನಾಮಕರಣ. ತಿಳಿದವರು ಮೊದಲು ಇಂಗ್ಲಿಷ್ ಶೀರ್ಷಿಕೆ ಕೊಟ್ಟು ಪ್ರಕಟಿಸಿ, ವಿಳಾಸ ಗಟ್ಟಿಯಾದ ಮೇಲೆ ಕನ್ನಡಕ್ಕೆ ತಿದ್ದುತ್ತಿದ್ದರು. ವರ್ಡ್‌ಪ್ರೆಸ್ ಕನ್ನಡವನ್ನು ವಿಳಾಸದಲ್ಲಿ ಇಟ್ಟುಕೊಳ್ಳುತ್ತಿತ್ತು, ನಿಜ. ಅದನ್ನು ಕಾಪಿ ಮಾಡಿ ಇನ್ನೊಬ್ಬರಿಗೆ ಕಳಿಸಿದರೆ ಶೇಕಡಾ ಚಿಹ್ನೆಗಳ ಸರಮಾಲೆಯಾಗಿ ಮೂರು ಸಾಲು ಉದ್ದವಾಗುತ್ತಿತ್ತು.

ಒಬ್ಬರೇ ಮನೆ ಹಿಡಿಯಲು ಹೆದರುವವರಿಗೆ ವಠಾರವೂ ಇತ್ತು. 2005ರಲ್ಲಿ ಹರಿಪ್ರಸಾದ್ ನಾಡಿಗ್ ಶುರು ಮಾಡಿದ 'ಸಂಪದ'. ಶುರುವಿನಿಂದಲೇ ಯೂನಿಕೋಡ್. ಅಲ್ಲಿ ಹೆಸರು ಬರೆಸಿ ಬರೆಯತೊಡಗಿದವರು ಧೈರ್ಯ ಬಂದ ಮೇಲೆ ಸ್ವಂತ ಬ್ಲಾಗ್ ಮಾಡಿಕೊಂಡದ್ದು ಎಷ್ಟೋ. ಜಿ. ಎನ್. ಮೋಹನ್ ಅವರ 'ಅವಧಿ' ವರ್ಡ್‌ಪ್ರೆಸ್ಸಿನ ಪುಕ್ಕಟೆ ವಿಳಾಸದಲ್ಲಿ ಬಾಡಿಗೆಗಿದ್ದು ಆಮೇಲೆ ಸ್ವಂತ ವಿಳಾಸಕ್ಕೆ ಹೋಯಿತು.

ನಮ್ಮ ಊರುಗಳ ಮಟ್ಟಿಗೆ ಈ ಮನೆಗಳ ನಿಜವಾದ ಪರೀಕ್ಷೆ ಆದದ್ದು ಒಂದರ ಹಿಂದೊಂದು ಬಂದ ಆಪತ್ತುಗಳಲ್ಲಿ. 2004ರ ಡಿಸೆಂಬರ್ 26ರ ಸುನಾಮಿಯಾದಾಗ ಮುಂಬಯಿಯ ಕೆಲವು ಬ್ಲಾಗಿಗರು ಸೇರಿ ಒಂದು ಬ್ಲಾಗ್‌ಸ್ಪಾಟ್ ತೆರೆದರು. ಸಹಾಯ ಎಲ್ಲಿ ಕಳಿಸಬೇಕು, ಕಾಣೆಯಾದವರನ್ನು ಎಲ್ಲಿ ವಿಚಾರಿಸಬೇಕು ಎಂದೆಲ್ಲ ಹತ್ತಾರು ಜನ ಒಟ್ಟಿಗೆ ಬರೆದರು. ಅದು ಜಗತ್ತಿನಾದ್ಯಂತ ಓದಿಸಿಕೊಂಡಿತು. ಏಳು ತಿಂಗಳಿಗೆ ನಮ್ಮದೇ ಸರದಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ಉಲ್ಹಾಸ್ ನದಿ ಏರಿ ಕಲ್ಯಾಣ, ಬದ್ಲಾಪುರ ಮುಳುಗಿದವು. ಟ್ರೇನಿಲ್ಲ, ಫೋನಿಲ್ಲ. ಆಗಲೂ ಬ್ಲಾಗ್‌ಸ್ಪಾಟಿನಲ್ಲೇ ಒಂದು ಬ್ಲಾಗ್ ಎದ್ದಿತು. ಯಾಕೆ ಬ್ಲಾಗ್‌ಸ್ಪಾಟ್? ಐದು ನಿಮಿಷದಲ್ಲಿ ತೆರೆಯಬಹುದು, ದುಡ್ಡಿಲ್ಲ, ಎಷ್ಟು ಜನರಿಗೆ ಬೇಕಾದರೂ ಕೀಲಿಕೈ ಕೊಡಬಹುದು. ನೆರೆ ಬಂದಾಗ ಯಾರೂ ಸರ್ವರ್ ಬಾಡಿಗೆ ವಿಚಾರಿಸುತ್ತಾ ಕೂರುವುದಿಲ್ಲ.

ಮರುವರ್ಷ ಅದೇ ಬ್ಲಾಗ್‌ಸ್ಪಾಟಿನ ಇನ್ನೊಂದು ಮುಖ ಕಂಡಿತು. 2006ರ ಜುಲೈ 11ರ ಸಂಜೆ ಪಶ್ಚಿಮ ರೈಲ್ವೆಯ ಲೋಕಲ್‌ಗಳಲ್ಲಿ ಏಳು ಬಾಂಬುಗಳು ಸಿಡಿದವು. 180ಕ್ಕೂ ಹೆಚ್ಚು ಜನ ಸತ್ತರು. ಆ ರಾತ್ರಿ ಆಸ್ಪತ್ರೆಗಳ ವಿವರ, ಗಾಯಾಳುಗಳ ಮಾಹಿತಿ ಹುಡುಕುವವರಿಗೆ 'ಮುಂಬೈ ಹೆಲ್ಪ್' ಎಂಬ ಬ್ಲಾಗ್‌ಸ್ಪಾಟ್ ನೆರವಾಯಿತು. ಎರಡು ದಿನ ಕಳೆದು, ಜುಲೈ 13ರಂದು, ದೂರಸಂಪರ್ಕ ಇಲಾಖೆ ಇಂಟರ್ನೆಟ್ ಕಂಪನಿಗಳಿಗೆ ಇಪ್ಪತ್ತಕ್ಕೂ ಕಡಿಮೆ ವಿಳಾಸಗಳ ಪಟ್ಟಿ ಕಳಿಸಿ ಮುಚ್ಚಿ ಎಂದಿತು. ಒಂದೊಂದೇ ಪುಟ ಹುಡುಕಿ ಮುಚ್ಚುವ ಬದಲು ಹಲವು ಕಂಪನಿಗಳು ಇಡೀ ಬ್ಲಾಗ್‌ಸ್ಪಾಟ್, ಟೈಪ್‌ಪ್ಯಾಡ್, ಜಿಯೋಸಿಟೀಸ್‌ಗಳನ್ನೇ ಮುಚ್ಚಿಬಿಟ್ಟವು. ಒಂದು ಖೋಲಿಯಲ್ಲಿ ಗಲಾಟೆ ಎಂದು ಚಾಳಿಗೇ ಬೀಗ! ಸಹಾಯಕ್ಕೆ ತೆರೆದ ಬ್ಲಾಗೂ ಅದರೊಳಗೇ ಸಿಕ್ಕಿಬಿತ್ತು.

ವಿಚಿತ್ರ ಏನೆಂದರೆ ಬರೆಯುವ ಬಾಗಿಲು ತೆರೆದೇ ಇತ್ತು. ಬ್ಲಾಗರ್ ವಿಳಾಸಕ್ಕೆ ಹೋಗಿ ಲೇಖನ ಬರೆದು ಪ್ರಕಟಿಸಬಹುದು, ಅದನ್ನು ನೋಡಲು ಮಾತ್ರ ಆಗದು. ಎಲ್ಲ ಕಂಪನಿಗಳೂ ಒಟ್ಟಿಗೆ ಮುಚ್ಚಲಿಲ್ಲ, ಒಟ್ಟಿಗೆ ತೆರೆಯಲೂ ಇಲ್ಲ. ಈ ಲೈನಿನವರಿಗೆ ಕಾಣುವುದು ಆ ಲೈನಿನವರಿಗೆ ಕಾಣದು. ಹೇಗೋ ಓದಲೇಬೇಕು ಎಂದವರು ಹಿಡಿದ ದಾರಿ ಇನ್ನೂ ಸೊಗಸು. ಅದೇ ವರ್ಷದ ಆರಂಭದಲ್ಲಿ ಪಾಕಿಸ್ತಾನದಲ್ಲೂ ಬ್ಲಾಗ್‌ಸ್ಪಾಟ್ ಮುಚ್ಚಿದ್ದರು. ಅಲ್ಲಿಯ ಬ್ಲಾಗಿಗರು ತಮಗಾಗಿ ಪಿಕೆಬ್ಲಾಗ್ಸ್ ಎಂಬ ಒಂದು ಕಳ್ಳದಾರಿ ಮಾಡಿಕೊಂಡಿದ್ದರು. ಮುಂಬಯಿಯ ಬ್ಲಾಗ್ ಓದಲು ಭಾರತದವರು ಪಾಕಿಸ್ತಾನದವರ ಓಣಿಯಲ್ಲಿ ಹಾದುಹೋದರು! ಒಂದು ವಾರದೊಳಗೆ ಹೆಚ್ಚುಕಡಿಮೆ ಎಲ್ಲ ಸರಿಯಾಯಿತು. ಆದರೆ ಆ ವಾರ ಸುಮಾರು ಜನ ವರ್ಡ್‌ಪ್ರೆಸ್‌ನಲ್ಲಿ ಇನ್ನೊಂದು ಮನೆ ಮಾಡಿದರು. ಸರಿಯಾದ ಬುದ್ಧಿ ಎಂದು ಆಗ ಅನ್ನಿಸಿತು. ಈಗ ನೋಡಿದರೆ ಪೂರ್ತಿ ಸರಿಯಲ್ಲ. 2014ರ ಕೊನೆಯಲ್ಲಿ ಮುಂಬಯಿಯ ಭಯೋತ್ಪಾದನಾ ನಿಗ್ರಹ ದಳ ಕೇಳಿಕೊಂಡ ಮೇಲೆ 32 ತಾಣಗಳನ್ನು ಮುಚ್ಚಿದಾಗ ಅದರಲ್ಲಿ ವೀಬ್ಲಿ ಇತ್ತು, ಹಳೆಯ ಪುಟಗಳನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್ ಕೂಡ ಇತ್ತು. ಬೀಗ ಯಾವ ಚಾಳಿಗೆ ಯಾವಾಗ ಬೀಳುತ್ತದೆ ಎಂದು ಯಾವ ಬಾಡಿಗೆದಾರನೂ ಹೇಳಲಾರ.

ಮುಚ್ಚಿಹೋದ ಮನೆಗಳ ಪಟ್ಟಿ ಹೇಳುತ್ತಾ ಹೋದರೆ ಸೂತಕದ ಮನೆಯ ಮಾತಾದೀತು. ಯಾಹೂ 360 ಹೋದದ್ದು 2009ರಲ್ಲಿ. ಎಂಎಸ್ಎನ್ ಸ್ಪೇಸಸ್ ಎಂದು 2004ರಲ್ಲಿ ಶುರುವಾದದ್ದನ್ನು ಮೈಕ್ರೋಸಾಫ್ಟ್ 2011ರಲ್ಲಿ ಮುಚ್ಚಿತು. ಅವರು ಮಾತ್ರ ಒಳ್ಳೆಯ ಮಾಲಕರ ಹಾಗೆ ಸಾಮಾನನ್ನೆಲ್ಲ ವರ್ಡ್‌ಪ್ರೆಸ್ ಡಾಟ್ ಕಾಮ್‌ಗೆ ಸಾಗಿಸಲು ದಾರಿ ಮಾಡಿಕೊಟ್ಟರು. ಪೋಸ್ಟರಸ್ 2013, ಆರ್ಕುಟ್ 2014, ಗೂಗಲ್ ಪ್ಲಸ್ 2019. ಟೈಪ್‌ಪ್ಯಾಡ್ 2025ರ ಸೆಪ್ಟೆಂಬರ್ 30ರವರೆಗೆ ಇತ್ತು. ಟೈಪ್‌ಪ್ಯಾಡ್ ದುಡ್ಡು ಕೊಟ್ಟು ಇರುವ ಮನೆ ಎಂಬುದನ್ನು ಗಮನಿಸಿ. ದುಡ್ಡು ಕೊಟ್ಟರೆ ಭದ್ರ ಎಂಬ ಮಾತೂ ಇಲ್ಲಿ ನಿಲ್ಲುವುದಿಲ್ಲ.

ಬ್ಲಾಗ್‌ಸ್ಪಾಟ್? ಅದು ಇದೆ! 'ಅದು ಚಿಕ್ಕ ಮಕ್ಕಳದ್ದು', 'ಗಂಭೀರವಾಗಿ ಬರೆಯುವವರು ಅಲ್ಲಿ ಇರುವುದಿಲ್ಲ', 'ಗೂಗಲ್ ನಾಳೆ ಮುಚ್ಚುತ್ತದೆ' ಎಂದು ವರ್ಷಗಟ್ಟಲೆ ಕೇಳಿದ್ದೇನೆ. ಹಾಗೆ ಹೇಳಿದವರ ಸ್ವಂತ ಡಾಟ್ ಕಾಮ್‌ಗಳಲ್ಲಿ ಎಷ್ಟೋ ಈಗಿಲ್ಲ. 2006ರಲ್ಲಿ ಧರ್ಮಕ್ಕೆ ಸಿಕ್ಕಿದ ಖೋಲಿ ಹಿಡಿದು, ಹತ್ತು ಲೇಖನ ಬರೆದು ಮರೆತೇ ಬಿಟ್ಟ ಕನ್ನಡದವರ ಪುಟಗಳು ಹುಡುಕಿದರೆ ಈಗಲೂ ತೆರೆದುಕೊಳ್ಳುತ್ತವೆ.

ಇದರಲ್ಲಿ ನನ್ನನ್ನು ಕಾಡಿದ ಒಂದು ಸಂಗತಿ ಇದೆ. ಕಲ್ಯಾಣದಲ್ಲಿ ನನಗೆ ಪರಿಚಿತರೊಬ್ಬರಿದ್ದರು. ಗಿರಣಿ ಕೆಲಸಕ್ಕೆಂದು ಬಂದವರು, ಗಿರಣಿ ನಿಂತ ಮೇಲೆ ಬೇರೆ ಬೇರೆ ಕೆಲಸ ಮಾಡಿದವರು. ಅರವತ್ತು ದಾಟಿದ ಮೇಲೆ ಬರೆಯಲು ಕಲಿತರು. ಬರೆಯಲು ಅಂದರೆ ಕಂಪ್ಯೂಟರಿನಲ್ಲಿ. ಖೋಲಿಯಲ್ಲಿ ಹದಿನಾಲ್ಕು ಜನ ಪಾಳಿಯಲ್ಲಿ ಮಲಗುತ್ತಿದ್ದದ್ದು, ಖಾನಾವಳಿಯ ಲೆಕ್ಕದ ಪುಸ್ತಕ, ಮುಷ್ಕರದ ತಿಂಗಳುಗಳು, ಇಂಥವನ್ನೇ ಬರೆದರು. ಬೇರೆ ಯಾರೂ ಕನ್ನಡದಲ್ಲಿ ಅಷ್ಟು ವಿವರವಾಗಿ ಬರೆದದ್ದು ನಾನು ಓದಿಲ್ಲ. ತಿಳಿದವರೊಬ್ಬರು ಅವರಿಗೆ ಸ್ವಂತ ವಿಳಾಸ ಕೊಡಿಸಿ, ವರ್ಡ್‌ಪ್ರೆಸ್ ಹಾಕಿ, ಬಹಳ ಚಂದ ಮಾಡಿಕೊಟ್ಟಿದ್ದರು. ಸ್ವಂತ ಮನೆ! ಪ್ರತಿ ವರ್ಷ ನವೀಕರಣದ ದುಡ್ಡು ಅವರೇ ತಪ್ಪದೆ ಕಟ್ಟುತ್ತಿದ್ದರು.

ಅವರು ತೀರಿಕೊಂಡರು. ಮಗ ಇಲ್ಲೇ ಹುಟ್ಟಿ ಬೆಳೆದವನು. ಮನೆಯಲ್ಲಿ ತುಳು, ಹೊರಗೆ ಮರಾಠಿ, ಕೆಲಸಕ್ಕೆ ಇಂಗ್ಲಿಷ್. ಕನ್ನಡ ಓದಲು ಬಾರದು. ತಂದೆ ಏನೋ ಬರೆಯುತ್ತಾರೆ ಎಂದು ಗೊತ್ತಿತ್ತು, ಏನೆಂದು ಗೊತ್ತಿರಲಿಲ್ಲ. ನವೀಕರಣ ಮಾಡಿ ಎಂಬ ಇಮೇಲ್‌ಗಳು ತಂದೆಯ ಡಬ್ಬಿಗೆ ಬಂದು ಬಿದ್ದವು. ಅದರ ಗುಪ್ತಪದ ತಂದೆಯ ಜತೆಗೇ ಹೋಗಿತ್ತು. ಡಾಟ್ ಕಾಮ್ ವಿಳಾಸದ ಅವಧಿ ಮುಗಿದ ಮೇಲೆ ಕೆಲವು ವಾರ ಮಾಮೂಲಿ ದರಕ್ಕೇ ಉಳಿಸಿಕೊಳ್ಳಬಹುದು, ಅದು ದಾಟಿದರೆ ಮೂವತ್ತು ದಿನ ದುಬಾರಿ ದಂಡ ಕೊಟ್ಟು ಬಿಡಿಸಿಕೊಳ್ಳಬಹುದು. ಅದೂ ದಾಟಿದರೆ ಐದು ದಿನಕ್ಕೆ ಅದು ಸಂತೆಗೆ ಬೀಳುತ್ತದೆ. ಹಾಗೇ ಬಿತ್ತು. ನಾನು ಒಂದು ದಿನ ಯಾವುದೋ ಲೇಖನ ನೆನಪಾಗಿ ತೆರೆದಾಗ ಅಲ್ಲಿ ಅರ್ಥವಾಗದ ಯಾವುದೋ ಭಾಷೆಯ ಜಾಹೀರಾತು. ಇಂಟರ್ನೆಟ್ ಆರ್ಕೈವ್‌ನವರ ವೇಬ್ಯಾಕ್ ಮಷೀನ್‌ನಲ್ಲಿ ಹುಡುಕಿದೆ. ಇಪ್ಪತ್ತಮೂರು ಲೇಖನ ಸಿಕ್ಕಿದವು. ಬರೆದದ್ದು ನೂರರ ಮೇಲಿತ್ತು.

ಮಗನ ಮನೆಗೆ ಹೋದಾಗ ಹಳೆಯ ಕಂಪ್ಯೂಟರ್ ಗುಜರಿಗೆ ಹೋಗಿರಲಿಲ್ಲ, ಪುಣ್ಯ. ಅದರಲ್ಲಿ ಬರಹದಲ್ಲಿ ಬರೆದಿಟ್ಟ ಕಡತಗಳಿದ್ದವು. ಮೊದಲು ಬರಹದಲ್ಲಿ ಬರೆದು ಉಳಿಸಿ, ಆಮೇಲೆ ಅಂಟಿಸುವ ಆ ಲೋಡ್‌ಶೆಡ್ಡಿಂಗ್ ಕಾಲದ ಪದ್ಧತಿಯನ್ನು ಅವರು ಕೊನೆಯವರೆಗೂ ಬಿಟ್ಟಿರಲಿಲ್ಲ. ಹಳೆಯ ವೇಷದ ಫಾಂಟಿನಲ್ಲಿದ್ದವನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ತಂದೆವು. ಒತ್ತಕ್ಷರ ಕೆಲವು ಕಡೆ ಕೆಟ್ಟಿದ್ದವು, ಕೈಯಿಂದ ತಿದ್ದಿದೆವು. ಎಪ್ಪತ್ತರ ಹತ್ತಿರ ಲೇಖನಗಳು ಉಳಿದವು. ಬ್ಲಾಗ್‌ಸ್ಪಾಟಿನಲ್ಲಿ ಅವರ ಹೆಸರಿನಲ್ಲೇ ಒಂದು ಖೋಲಿ ತೆರೆದು ಎಲ್ಲವನ್ನೂ ಹಾಕಿದ್ದೇವೆ. ವಿಳಾಸಗಳೆಲ್ಲ ಬ್ಲಾಗ್-ಪೋಸ್ಟ್ ಒಂದು, ಬ್ಲಾಗ್-ಪೋಸ್ಟ್ ಎರಡು. ಇರಲಿ.

ಹಾಗಾದರೆ ಹೊಸಬರಿಗೆ ನಾನು ಹೇಳುವುದೇನು? ವಯಸ್ಸಾದವರಾದರೆ, ಮನೆಯಲ್ಲಿ ಮುಂದೆ ನೋಡಿಕೊಳ್ಳುವ ಕನ್ನಡ ಓದುಗರಿಲ್ಲದಿದ್ದರೆ, ಪುಕ್ಕಟೆ ಖೋಲಿಯೇ ಸರಿ. ಬಾಡಿಗೆ ಬಾಕಿ ಎಂದು ಯಾರೂ ಬೀಗ ಹಾಕುವುದಿಲ್ಲ. ಬ್ಲಾಗ್‌ಸ್ಪಾಟಾದರೂ ಆಗಬಹುದು, ವರ್ಡ್‌ಪ್ರೆಸ್ ಡಾಟ್ ಕಾಮ್ ಆದರೂ ಆಗಬಹುದು. ಎರಡರಲ್ಲೂ ಬರೆದದ್ದನ್ನೆಲ್ಲ ಒಂದು ಗಂಟಾಗಿ ಕಟ್ಟಿ ಹೊರಗೆ ತರುವ ಬಾಗಿಲು ಇದೆ. ಗೂಗಲ್‌ನವರ ಟೇಕ್‌ಔಟ್ 2011ರಿಂದ ಇದೆ. ಈ ಬಾಗಿಲು ಇಲ್ಲದ ಕಡೆಗೆ, ಎಷ್ಟು ಚಂದವಿದ್ದರೂ, ಹೋಗಲೇಬೇಡಿ. ಫೇಸ್‌ಬುಕ್‌ನಲ್ಲಿ ಬರೆಯುತ್ತೇನಲ್ಲ ಸಾಲದೇ ಎನ್ನುವವರಿಗೆ ಒಂದು ಮಾತು. ಮೂರು ವರ್ಷದ ಹಿಂದೆ ನೀವೇ ಬರೆದದ್ದನ್ನು ಈಗ ಅಲ್ಲಿ ಹುಡುಕಿ ತೆಗೆಯಿರಿ ನೋಡೋಣ.

ವಯಸ್ಸು ಇರುವವರು, ಸಂಘ ಸಂಸ್ಥೆಗಳವರು, ಪತ್ರಿಕೆ ಮಾಡುವವರು ಸ್ವಂತ ವಿಳಾಸ ಮಾಡಿಕೊಳ್ಳಲಿ. ಆದರೆ ವಿಳಾಸ ಒಬ್ಬ ಕಾರ್ಯದರ್ಶಿಯ ಖಾಸಗಿ ಇಮೇಲ್‌ಗೆ ಕಟ್ಟಿಬಿದ್ದಿರಬಾರದು. ಕಾರ್ಯದರ್ಶಿ ಬದಲಾದ ವರ್ಷವೇ ಸಂಘದ ವೆಬ್‌ಸೈಟ್ ಮಾಯವಾದದ್ದನ್ನು ನಮ್ಮ ಸೆಂಟ್ರಲ್ ಲೈನಿನಲ್ಲೇ ನೋಡಿದ್ದೇನೆ.

ಅಂದ ಹಾಗೆ ಪುಕ್ಕಟೆ ಖೋಲಿಗೂ ಈಗ ಒಂದು ಕರಾರು ಇದೆ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸಬಹುದು ಎಂದು ಗೂಗಲ್ 2023ರಲ್ಲಿ ಪ್ರಕಟಿಸಿದೆ. ಹಾಗಾಗಿ ಆಗಾಗ ಒಳಗೆ ಹೋಗಿ ದೀಪ ಹಚ್ಚಿ ಬರಬೇಕು. ನಾವಿಲ್ಲದ ಮೇಲೆ ಖಾತೆಯ ಸಾಮಾನು ಯಾರ ಕೈಗೆ ಹೋಗಬೇಕು ಎಂದು ಮೊದಲೇ ಬರೆದಿಡುವ ಸೌಲಭ್ಯವನ್ನೂ ಅವರು 2013ರಿಂದ ಕೊಟ್ಟಿದ್ದಾರೆ. ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಹುಡುಕಿದರೆ ಸಿಗುತ್ತದೆ. ಹತ್ತು ನಿಮಿಷದ ಕೆಲಸ. ಕನ್ನಡ ಓದಲು ಬಾರದ ಮಕ್ಕಳ ಹೆಸರು ಕೊಟ್ಟರೂ ಅಡ್ಡಿಯಿಲ್ಲ. ಜತೆಗೆ ಓದಬಲ್ಲ ಒಬ್ಬ ಸ್ನೇಹಿತರ ಹೆಸರೂ ಇರಲಿ.

ಆಗ ನಮ್ಮ ಬರಹವೆಲ್ಲ ಅಮೆರಿಕದ ಯಾವುದೋ ಊರಿನ ಸರ್ವರ್‌ನಲ್ಲಿ ಇರುತ್ತಿತ್ತು. ಈಗ ಐರೋಲಿ, ಮಹಾಪೆ ಕಡೆ ಥಾಣೆ-ಬೇಲಾಪುರ ರಸ್ತೆಯಲ್ಲಿ ಹೋದರೆ ಕಿಟಕಿಯಿಲ್ಲದ ದೊಡ್ಡ ದೊಡ್ಡ ಡೇಟಾ ಸೆಂಟರ್‌ಗಳು ಎದ್ದು ನಿಂತಿವೆ. 2020ರಲ್ಲಿ ಪನ್ವೇಲ್‌ನಲ್ಲೂ ಒಂದು ತೆರೆಯಿತು. ಒಂದು ಕಾಲಕ್ಕೆ ಅದೇ ಪಟ್ಟಿಯ ರಾಸಾಯನಿಕ ಕಾರ್ಖಾನೆಗಳ ಪಾಳಿಗೆ ನಮ್ಮವರು ಬಸ್ಸು ಹಿಡಿದು ಹೋಗುತ್ತಿದ್ದರು. ಕಲ್ಯಾಣದ ಆ ಹಿರಿಯರ ಎಪ್ಪತ್ತು ಲೇಖನಗಳು ಈಗ ಯಾವ ಊರಿನ ಯಾವ ಪೆಟ್ಟಿಗೆಯಲ್ಲಿವೆಯೋ. ಒಂದು ಪ್ರತಿ ಮಗನ ಪೆನ್‌ಡ್ರೈವ್‌ನಲ್ಲಿದೆ. ಇನ್ನೊಂದನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು, ಫಡ್ಕೆ ರೋಡಿನ ಹತ್ತಿರದ ಅಂಗಡಿಯಲ್ಲಿ ಬೈಂಡ್ ಮಾಡಿಸಿ ಸಂಘದ ಕಪಾಟಿನಲ್ಲಿಟ್ಟಿದ್ದೇವೆ. ಮೊನ್ನೆ ನೋಡಿದಾಗ ಯಾರೋ ಎರವಲು ಒಯ್ದಿದ್ದರು.